ಮುಟ್ಟಿನ ನೋವು: ಮಾತ್ರೆ ಯಾವಾಗ, ತಪಾಸಣೆ ಯಾವಾಗ

ಮುಟ್ಟಿನ ನೋವಿಗೆ ಮಾತ್ರೆ ನಾಟುವುದಿಲ್ಲ ಎನ್ನುವವರಲ್ಲಿ ಬಹಳ ಮಂದಿ ಅದನ್ನು ತಡವಾಗಿ ನುಂಗಿರುತ್ತಾರೆ. ಅಡಿಕೆ ಸುಲಿಯುವ ದಿನಗಳಲ್ಲಂತೂ ಮೆಟ್ಟುಗತ್ತಿಯ ಮುಂದೆ ಕೂತು, ತಡೆಯುವಷ್ಟು ತಡೆದು, ಇನ್ನಾಗದು ಎಂದಾಗ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಅಷ್ಟರಲ್ಲಿ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಹೆಚ್ಚಿ, ಸ್ನಾಯು ಬಿಗಿದು, ರಕ್ತಸಂಚಾರ ತಗ್ಗಿ ನೋವು ಏರಿರುತ್ತದೆ. ಮುಟ್ಟಿನ ನೋವಿಗೆ ಕೊಡುವ ಮೆಫೆನಮಿಕ್ ಆಸಿಡ್ ಮಾತ್ರೆ ಆ ರಾಸಾಯನಿಕ ಹೊಸದಾಗಿ ತಯಾರಾಗುವುದನ್ನು ಮುಖ್ಯವಾಗಿ ತಡೆಯುತ್ತದೆ. ಹಾಗಾಗಿ ಕಲೆ ಕಂಡ ಕೂಡಲೇ, ತಿಂಗಳು ಸರಿಯಾಗಿ ಬರುವವರಾದರೆ ಹಿಂದಿನ ದಿನವೇ, ಊಟ ಮಾಡಿ ಶುರು ಮಾಡಬೇಕು. ವಯಸ್ಕರಿಗೆ 500 ಮಿ.ಗ್ರಾಂ., ದಿನಕ್ಕೆ 3 ಸಲ, 2–3 ದಿನ. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ ಇಟ್ಟರೂ ನಿಜಕ್ಕೂ ಆರಾಮ ಸಿಗುತ್ತದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ, ನೋವಿನ ಮಾತ್ರೆಯಿಂದ ಉಬ್ಬಸ ಬರುವವರಿಗೆ, ಬಸುರಿರಬಹುದು ಎಂಬ ಅನುಮಾನ ಇದ್ದವರಿಗೆ ಈ ಮಾತ್ರೆ ಬೇಡ.

ಮಲೆನಾಡಿನವರಿಗೆ ಇನ್ನೊಂದು ಎಚ್ಚರ. ಮಳೆಗಾಲದ ಡೆಂಗಿಯಲ್ಲೂ ಬೇಸಿಗೆಯ ಮಂಗನ ಕಾಯಿಲೆಯಲ್ಲೂ ರಕ್ತಸ್ರಾವದ ಅಪಾಯವಿದೆ. ಮುಟ್ಟಿನ ಜೊತೆ ಜ್ವರವೂ ಇದ್ದರೆ, ಆ ಅಪಾಯ ಹೆಚ್ಚಿಸುವ ಮೆಫೆನಮಿಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮುಟ್ಟಬೇಡಿ. ಪ್ಯಾರಾಸಿಟಮಾಲ್ ತೆಗೆದುಕೊಂಡು ರಕ್ತ ಪರೀಕ್ಷೆ ಮಾಡಿಸಿ.

ಸಾಮಾನ್ಯ ನೋವು ಸ್ರಾವದ ಜೊತೆ ಬಂದು ಎರಡು ಮೂರು ದಿನಕ್ಕೆ ಇಳಿಯುತ್ತದೆ. ಮುಟ್ಟಿಗೆ ವಾರ ಮೊದಲೇ ಶುರುವಾಗುವ, ನಿಂತ ಮೇಲೂ ಉಳಿಯುವ, ಮಲವಿಸರ್ಜನೆಯಲ್ಲಿ ಅಥವಾ ಗಂಡನ ಜೊತೆ ಸೇರುವಾಗ ಆಳದಲ್ಲಿ ಚುಚ್ಚುವ ನೋವಾದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ) ನೆನಪಿಗೆ ಬರಬೇಕು. ಸ್ಕ್ಯಾನಿಂಗ್ ನಾರ್ಮಲ್ ಬಂದರೂ ಅದು ಇಲ್ಲ ಎಂದು ಹೇಳಲಾಗದು. ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ಹಲವರಿಗೆ ಒಳ್ಳೆಯ ಗುಣ ಕೊಡುತ್ತದೆ. ನಲವತ್ತರ ಆಸುಪಾಸಿನಲ್ಲಿ ಸ್ರಾವವೂ ಹೆಚ್ಚಿದ್ದರೆ ಅಡೆನೊಮಯೋಸಿಸ್ (ಆ ಒಳಪದರ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು), ಗರ್ಭಕೋಶದ ಗಡ್ಡೆ ಹುಡುಕಬೇಕು. ‘ಮದುವೆಯಾದರೆ ಸರಿಹೋಗುತ್ತೆ’ ಎಂದು ಹುಡುಗಿಯರನ್ನು ವರ್ಷಗಟ್ಟಲೆ ನರಳಿಸುವುದು ಅನ್ಯಾಯ.

ಉರಿ, ಕೆರೆತ ಯೋನಿಯ ಹೊರಭಾಗದಲ್ಲಿದ್ದರೆ ಕಾರಣ ಬೇರೆ. ಆಷಾಢದ ಜಡಿಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ. ಅರೆ ಹಸಿ ಬಟ್ಟೆಯ ತೇವ, ತಿಕ್ಕಾಟದಿಂದ ಚರ್ಮ ಕೆಂಪಾಗಿ ಸುಲಿಯುತ್ತದೆ, ಫಂಗಸ್ ಹತ್ತುತ್ತದೆ. ಒಲೆಯ ಶಾಖಕ್ಕೆ ಹರವಿ, ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ. ಪ್ಯಾಡನ್ನು 4–6 ಗಂಟೆಗೆ ಬದಲಿಸಿ. ಡೆಟಾಲ್ ನೀರಿನಲ್ಲಿ ತೊಳೆದರೆ ಉರಿ ಹೆಚ್ಚುತ್ತದೆ. ಬರೀ ನೀರು ಸಾಕು. ಮೊಸರಿನಂಥ ಬಿಳಿ ಸ್ರಾವ ಇದ್ದರೆ ಫಂಗಸ್ ಔಷಧಿ ಬೇಕಾಗುತ್ತದೆ.

ಹದಿನಾಲ್ಕು ಹದಿನೈದಾದರೂ ಋತುವಾಗದ ಹುಡುಗಿಗೆ ತಿಂಗಳು ತಿಂಗಳು ಕಿಬ್ಬೊಟ್ಟೆ ನೋವು ಬರುತ್ತಿದ್ದರೆ ಕಾಯಬೇಡಿ. ಯೋನಿಯ ಪೊರೆ ಪೂರ್ತಿ ಮುಚ್ಚಿಕೊಂಡು ರಕ್ತ ಒಳಗೇ ನಿಂತಿರಬಹುದು. ಹಾಗಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಬಿಡಿಸುತ್ತಾರೆ.