ಮೂರಡಿಗಿಂತ ಮೇಲೆ ಹೋಗದ ಹಾರುವ ತಟ್ಟೆ

ಹಾರುವ ತಟ್ಟೆ ಅಂದ ಕೂಡಲೇ ಬೇರೆ ಗ್ರಹದವರ ಮಾತು ಶುರುವಾಗುತ್ತದೆ. ನನಗೆ ಇದು ನಿಜಕ್ಕೂ ಬೇಸರ. ಮನುಷ್ಯರೇ ಕೂತು, ಲೆಕ್ಕ ಹಾಕಿ, ತಗಡು ಬಗ್ಗಿಸಿ ಒಂದು ತಟ್ಟೆ ಕಟ್ಟಿದ್ದರಲ್ಲ, ಅದರ ಕಥೆ ಯಾರಿಗೂ ಬೇಡವೇ?

ಅದರ ಹೆಸರು ಆವ್ರೋಕಾರ್. ಕೆನಡಾದ ಮಾಲ್ಟನ್‌ನಲ್ಲಿದ್ದ ಆವ್ರೋ ಕೆನಡಾ ಕಂಪನಿಯ ಜಾನ್ ಫ್ರಾಸ್ಟ್ ಅದರ ರೂವಾರಿ. ದುಡ್ಡು ಅಮೆರಿಕದ ಸೇನೆ ಮತ್ತು ವಾಯುಪಡೆಯದು. ಅಗಲ 18 ಅಡಿ. ನಡುವೆ 5 ಅಡಿಯ ಫ್ಯಾನು, ಅದನ್ನು ತಿರುಗಿಸಲು 3 ಜೆಟ್ ಎಂಜಿನ್. ಮೇಲಿಂದ ಎಳೆದ ಗಾಳಿಯನ್ನು ಫ್ಯಾನು ಅಂಚಿನ ಸುತ್ತಲೂ ಹೊರಗೆ ದಬ್ಬುತ್ತಿತ್ತು. ಗಂಟೆಗೆ 480 ಕಿ.ಮೀ. ಓಡುತ್ತದೆ ಎಂಬ ಆಸೆಯಿತ್ತು.

ಫ್ರಾಸ್ಟ್ ನಂಬಿದ್ದು ಕೊಆಂಡ ಪರಿಣಾಮವನ್ನು. ದುಂಡನೆ ಬಾಟಲಿಯ ಹಿಂದೆ ಮೇಣದಬತ್ತಿ ಹಚ್ಚಿಟ್ಟು ಮುಂದಿನಿಂದ ಜೋರಾಗಿ ಊದಿ. ಬತ್ತಿ ಆರುತ್ತದೆ! ನಾನು ಮೊದಲ ಸಲ ಮಾಡಿದಾಗ ಮತ್ತೆ ಮತ್ತೆ ಹಚ್ಚಿ ನೋಡಿದ್ದೆ. ಬಾಗಿದ ಮೈ ಸಿಕ್ಕರೆ ಗಾಳಿ ಅದನ್ನು ಸವರಿಕೊಂಡೇ ತಿರುಗುತ್ತದೆ. ತಟ್ಟೆಯ ಅಂಚಿನಲ್ಲೂ ಹೀಗೇ ಗಾಳಿಯನ್ನು ಕೆಳಕ್ಕೆ ತಿರುಗಿಸಬಹುದು, ಅಲ್ವಾ?

ನೆಲದ ಹತ್ತಿರ ಇದು ಚೆನ್ನಾಗಿಯೇ ನಡೆಯಿತು. ಬಿಸಿನೀರಲ್ಲಿ ತೊಳೆದ ಲೋಟವನ್ನು ಒದ್ದೆ ಕಟ್ಟೆಯ ಮೇಲೆ ಬೋರಲು ಹಾಕಿದರೆ ಕೆಲವೊಮ್ಮೆ ತಾನೇ ಜಾರುತ್ತದಲ್ಲ, ಒಳಗೆ ಸಿಕ್ಕಿಕೊಂಡ ಗಾಳಿಯೇ ಅದನ್ನು ಎತ್ತಿರುತ್ತದೆ. ಆವ್ರೋಕಾರ್ ಕೆಳಗೂ ಅಂಥದೇ ಗಾಳಿಯ ದಿಂಬು. 1959ರ ನವೆಂಬರ್ 12ರಂದು ಅದು ಹಗ್ಗದ ಹಂಗಿಲ್ಲದೆ ನೆಲ ಬಿಟ್ಟಿತು.

ಆದರೆ ಸುಮಾರು ಮೂರಡಿ ದಾಟಿದರೆ ದಿಂಬು ಒಡೆಯುತ್ತಿತ್ತು. ಸುತ್ತಲಿನ ಗಾಳಿಯೆಲ್ಲ ನಡುವೆ ಸೇರಿ ಒಂದೇ ಕಂಬವಾಗುತ್ತಿತ್ತು. ಅಗಲ ತಟ್ಟೆಯನ್ನು ಒಂದೇ ಬೆರಳಿನ ಮೇಲೆ ನಿಲ್ಲಿಸಿದ ಹಾಗೆ! ಊಟದ ತಟ್ಟೆ ನೆಲಕ್ಕೆ ಬಿದ್ದು ಗರಗರನೆ ಹೊಯ್ದಾಡುವುದನ್ನು ನೆನೆಸಿಕೊಳ್ಳಿ. ಎಂಜಿನಿಯರುಗಳು ಅದನ್ನು ಹಬ್‌ಕ್ಯಾಪಿಂಗ್ ಎಂದರು. ಕಾರಿನ ಚಕ್ರದ ಮುಚ್ಚಳ ಕಳಚಿ ರಸ್ತೆಗೆ ಬಿದ್ದಾಗಿನ ಕುಣಿತ ಅದು. ತಳಕ್ಕೆ ತೂತು ಕೊರೆದರು, ನಾಸಾದ ಗಾಳಿ ಸುರಂಗದಲ್ಲಿಟ್ಟು ನೋಡಿದರು. ವೇಗ ಗಂಟೆಗೆ 56 ಕಿ.ಮೀ. ದಾಟಲಿಲ್ಲ.

ಹಾರುವ ತಟ್ಟೆ ಎಂಬ ಹೆಸರಿನ ಬಗ್ಗೆ ಇನ್ನೊಂದು ಮಾತು. 1947ರಲ್ಲಿ ಕೆನೆತ್ ಆರ್ನಾಲ್ಡ್ ಎಂಬ ಪೈಲಟ್ ಆಕಾಶದಲ್ಲಿ ಏನನ್ನೋ ಕಂಡು, ನೀರಿನ ಮೇಲೆ ಎಸೆದ ಸಾಸರಿನ ಹಾಗೆ ಹಾರುತ್ತಿತ್ತು ಅಂದಿದ್ದ. ಅವನು ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಗಳು ಅದನ್ನೇ ಆಕಾರ ಮಾಡಿದವು.

1961ರ ಡಿಸೆಂಬರ್‌ನಲ್ಲಿ ಯೋಜನೆ ನಿಂತಿತು. ಕಟ್ಟಿದ್ದು ಎರಡೇ. ಒಂದು ಈಗ ಓಹಾಯೋದ ಡೇಟನ್‌ನಲ್ಲಿರುವ ವಾಯುಪಡೆ ಮ್ಯೂಸಿಯಮ್ಮಿನಲ್ಲಿದೆ, ಇನ್ನೊಂದು ವರ್ಜೀನಿಯಾದಲ್ಲಿ. ಡೇಟನ್‌ನದನ್ನು ಯಾರು ಬೇಕಾದರೂ ಎದುರು ನಿಂತು ನೋಡಬಹುದು.