ಇಟ್ಟಿಗೆ ಮೇಲಿನ ಮುದ್ರೆ: ಹೆಸರು ಯಾರದು, ವರ್ಷ ಯಾವುದರದು?

ಹಳೆ ಇಟ್ಟಿಗೆ ಮೇಲೆ ಹೆಸರೂ ವರ್ಷವೂ ಕಂಡರೆ ಅದರ ಮೂಲ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ, ಅಲ್ವಾ? ರೋಮ್‌ನ ಪ್ಯಾಂಥಿಯನ್ ದೇವಾಲಯದ ಕಥೆ ಓದಿದ ಮೇಲೆ ಆ ಅವಸರ ಕಡಿಮೆಯಾಗುತ್ತದೆ.

ಅದರ ಮುಂಭಾಗದಲ್ಲಿ ರೋಮ್‌ನ ಸೇನಾನಿ ಅಗ್ರಿಪ್ಪ ಕಟ್ಟಿಸಿದನೆಂದು ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ಅವನು ಸತ್ತದ್ದು ಕ್ರಿ.ಪೂ. 12ರಲ್ಲಿ. ಆದರೆ 1892ರಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಜಾರ್ಜ್ ಶೆದಾನ್ ಗೋಡೆಯೊಳಗಿನ ಇಟ್ಟಿಗೆಗಳನ್ನು ನೋಡಿದಾಗ ಸಿಕ್ಕಿದ್ದು ಚಕ್ರವರ್ತಿ ಹ್ಯಾಡ್ರಿಯನ್ (ಕ್ರಿ.ಶ. 117–138) ಕಾಲದ ಮುದ್ರೆಗಳು. ಅಂದರೆ ನೂರು ವರ್ಷಕ್ಕೂ ಜಾಸ್ತಿ ವ್ಯತ್ಯಾಸ! ಹಳೆ ಗುಡಿ ಹೋಗಿ ಹೊಸದು ಎದ್ದಾಗಲೂ ಅಗ್ರಿಪ್ಪನ ಹೆಸರನ್ನೇ ಇಟ್ಟಿದ್ದರು. ಕೆಲಸ ಹ್ಯಾಡ್ರಿಯನ್‌ಗಿಂತ ಮೊದಲೇ, ಅವನ ಹಿಂದಿನ ಚಕ್ರವರ್ತಿ ಟ್ರಾಜನ್ ಕಾಲದಲ್ಲೇ ಶುರುವಾಗಿತ್ತು ಎಂದು ಅದೇ ಮುದ್ರೆಗಳನ್ನು ಮತ್ತೆ ಓದಿದ ವಿದ್ವಾಂಸರೂ ಇದ್ದಾರೆ.

ಮಣ್ಣು ಹಸಿಯಿರುವಾಗಲೇ ಒತ್ತುತ್ತಿದ್ದ ಈ ಮುದ್ರೆಯಲ್ಲಿರುವುದು ಕಟ್ಟಡ ಕಟ್ಟಿಸಿದವರ ಹೆಸರಲ್ಲ. ಮಣ್ಣು ತೆಗೆದ ಜಮೀನಿನ ಒಡೆಯರು, ಇಟ್ಟಿಗೆ ಗೂಡು, ಅದನ್ನು ನಡೆಸುತ್ತಿದ್ದವನು, ಇವುಗಳಲ್ಲಿ ಕೆಲವು ಇರುತ್ತವೆ. ಒಡೆಯರಲ್ಲಿ ಹೆಂಗಸರೂ ಇದ್ದರು. ಡೊಮಿಟಿಯಾ ಲುಸಿಲ್ಲಾ ಎಂಬಾಕೆ ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ತಾಯಿ. ಒಡೆತನ ಕೈ ಬದಲಾದ ಹಾಗೆ ಮುದ್ರೆಯೂ ಬದಲಾಗುವುದರಿಂದ, ವರ್ಷ ಇಲ್ಲದ ಇಟ್ಟಿಗೆಗೂ ಕಾಲ ಗೊತ್ತುಮಾಡಬಹುದು.

ಕೆಲವದರಲ್ಲಿ ಆ ವರ್ಷದ ಇಬ್ಬರು ಕಾನ್ಸಲ್‌ಗಳ, ಅಂದರೆ ರೋಮ್‌ನ ಉನ್ನತ ಅಧಿಕಾರಿಗಳ ಹೆಸರಿರುತ್ತದೆ. ಪೇಟಿನಸ್, ಅಪ್ರೋನಿಯಾನಸ್ ಎಂದಿದ್ದರೆ ಕ್ರಿ.ಶ. 123. ಈ ವರ್ಷದ ಇಟ್ಟಿಗೆಗಳು ರೋಮ್‌ನಲ್ಲಿ ರಾಶಿ ರಾಶಿ ಸಿಗುತ್ತವೆ. ಹಾಗಂತ ಆ ಗೋಡೆಯೂ 123ರದೇ ಎನ್ನುವಂತಿಲ್ಲ. ಇಟ್ಟಿಗೆ ದಾಸ್ತಾನಿನಲ್ಲಿ ಬಿದ್ದಿರಬಹುದು, ಹಳೆ ಕಟ್ಟಡದಿಂದ ಕಿತ್ತು ತಂದದ್ದಿರಬಹುದು. ಗೋಡೆ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ಅದೂ ಆ ಇಟ್ಟಿಗೆ ರಿಪೇರಿ ಮಾಡುವಾಗ ಸೇರಿಸಿದ್ದಲ್ಲದಿದ್ದರೆ! ಒಂದೇ ಇಟ್ಟಿಗೆ ನಂಬಬೇಡಿ. ಬೇರೆ ಬೇರೆ ಕಡೆಯವು ಒಂದೇ ಮಾತು ಹೇಳುತ್ತವೆಯೇ ನೋಡಿ.

ನಮ್ಮ ಮಂಗಳೂರು ಹೆಂಚಿನ ಲೆಕ್ಕವೇ ಬೇರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಹೆಂಚಿನ ಮೇಲೆ 1865 ಎಂದಿದ್ದರೆ ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷ ಆಮೇಲೆ ಬಂದ ಹೆಂಚಿನಲ್ಲೂ ಅದೇ ಇರಬಹುದು. ಇಲ್ಲಿ ವರ್ಷಕ್ಕಿಂತ ಕಂಪನಿಯ ಹೆಸರು ಉಪಯೋಗಕ್ಕೆ ಬರುತ್ತದೆ. ಮೊದಲ ಮಹಾಯುದ್ಧದ ನಂತರ ಮಿಷನ್‌ನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಹಾಗಾಗಿ ಟ್ರಸ್ಟ್‌ನ ಹೆಸರಿರುವ ಹೆಂಚು ಯುದ್ಧಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.