ಮೂರೂವರೆ ವರ್ಷದ ಮಗುವನ್ನು ದಿನಕ್ಕೆ ಎಷ್ಟು ಹೊತ್ತು ಕೂರಿಸಿ ಕಲಿಸಬೇಕು?

ಓದುಗರ ಪ್ರಶ್ನೆ: ನಮ್ಮ ಮಗಳಿಗೆ ಮೂರು ವರ್ಷ ಎಂಟು ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬೆಳಿಗ್ಗೆ ಮೂರು ಗಂಟೆ ಪ್ಲೇಹೋಮ್‌ಗೆ ಹೋಗಿಬರುತ್ತಾಳೆ, ಆಮೇಲೆ ನಮ್ಮ ಅತ್ತೆ ನೋಡಿಕೊಳ್ಳುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳದೇ ವಯಸ್ಸಿನ ಹುಡುಗ ಎಬಿಸಿಡಿ ಪೂರ್ತಿ ಬರೆಯುತ್ತಾನೆ, ನೂರರವರೆಗೆ ಹೇಳುತ್ತಾನೆ. ನಮ್ಮವಳು ಪೆನ್ಸಿಲ್ ಕೊಟ್ಟರೆ ಎರಡು ಗೆರೆ ಎಳೆದು ಎದ್ದುಹೋಗುತ್ತಾಳೆ, ಗದರಿದರೆ ಅಳುತ್ತಾಳೆ. ದಿನಕ್ಕೆ ಎಷ್ಟು ಹೊತ್ತು ಕೂರಿಸಿ ಕಲಿಸಬೇಕು? ಒಂದನೇ ಕ್ಲಾಸಿಗೆ ಹೋಗುವಷ್ಟರಲ್ಲಿ ಹಿಂದೆ ಬೀಳುತ್ತಾಳಾ? (ಬನಶಂಕರಿಯಿಂದ ಒಬ್ಬ ತಾಯಿ)

ಕೂರಿಸಿ ಕಲಿಸುವುದು ಸದ್ಯಕ್ಕೆ ಬೇಡವೇ ಬೇಡ. ನೀವು ಬರೆದಿರುವುದರಲ್ಲಿ ಅವಳು ಹಿಂದೆ ಬಿದ್ದಿದ್ದಾಳೆ ಅನ್ನುವಂಥದ್ದೂ ಏನಿಲ್ಲ. ಇಷ್ಟು ಹೇಳಿಬಿಟ್ಟರೆ ನಿಮ್ಮ ಆತಂಕ ಹೋಗುವುದಿಲ್ಲ ಅಂತ ನನಗೆ ಗೊತ್ತು. ಶಿಶುವಿಹಾರದಲ್ಲಿ 16 ವರ್ಷ ಟೀಚರಾಗಿದ್ದವಳು ನಾನು. ಈ ಪ್ರಶ್ನೆಯನ್ನು ಶಾಲೆಯ ಗೇಟಿನ ಹತ್ತಿರ, ಫೋನಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲೂ ಕೇಳಿಸಿಕೊಂಡಿದ್ದೇನೆ. ಕೇಳುವ ಅಮ್ಮಂದಿರಿಗೆಲ್ಲ ಒಂದೇ ಭಯ: ನಾನು ಕೆಲಸಕ್ಕೆ ಹೋಗುವುದರಿಂದ ಮಗುವಿಗೆ ಏನೋ ತಪ್ಪಿಹೋಗುತ್ತಿದೆ ಅಂತ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಪೆನ್ಸಿಲ್ ವಿಷಯ. ದೊಡ್ಡವರ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದ ಮಗುವಿನ ಕೈಯಲ್ಲಿ ಅವೆಲ್ಲ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣಿಸುವುದೇ ಇಲ್ಲ. ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ನಿಮ್ಮ ಮಗಳ ವಯಸ್ಸಿಗೆ ಸುಮಾರಾಗಿ ಮೂರೋ ನಾಲ್ಕೋ ಆಗಿರುತ್ತವೆ, ಕೊನೆಯದು ಹತ್ತು ವರ್ಷದ ಆಸುಪಾಸಿನಲ್ಲಿ. ಮೂಳೆಯೊಂದೇ ಕಾರಣ ಅಂತಲ್ಲ. ಬೆರಳುಗಳ ಸಣ್ಣ ಸ್ನಾಯುಗಳಿಗೆ ಹಿಡಿತ ಬರುವುದು ಭುಜ, ಮೊಣಕೈ ಎಲ್ಲ ಪಳಗಿದ ಮೇಲೆಯೇ. ಮೂರೂವರೆ ವರ್ಷದ ಮಗು ಇಡೀ ತೋಳನ್ನು ಆಡಿಸಿ ಗೋಡೆಯುದ್ದ ಗೆರೆ ಎಳೆಯುತ್ತದಲ್ಲ, ಆ ವಯಸ್ಸಿನ ಬರವಣಿಗೆ ಅದೇ. ನಾಲ್ಕು ಗೆರೆಯ ಕಾಪಿಯಲ್ಲಿ ಅಕ್ಷರ ಕೂರಿಸು ಅಂದರೆ ಕೈ ನೋಯುತ್ತದೆ. ನೋಯುತ್ತಿದೆ ಅಂತ ಹೇಳಲು ಗೊತ್ತಾಗದೆ ಎದ್ದುಹೋಗುತ್ತದೆ. ನಿಮ್ಮ ಮಗಳು ಮಾಡುತ್ತಿರುವುದು ಅದನ್ನೇ ಇರಬೇಕು.

ನನ್ನ ದೊಡ್ಡ ಮಗನಿಗೆ ಮೂರು ತುಂಬುತ್ತಿದ್ದಂತೆ ನಾನೇ ಕೈ ಹಿಡಿದು ‘ಅ’ ತಿದ್ದಿಸಿದೆ. ತಿಂಗಳಾಗುವುದರೊಳಗೆ ಸ್ಲೇಟು ಕಂಡರೆ ಮಂಚದ ಕೆಳಗೆ ನುಸುಳಿಕೊಳ್ಳುತ್ತಿದ್ದ. ಅವನ ಬೆನ್ನಷ್ಟೇ ಕಾಣುತ್ತಿದ್ದ ಆ ದೃಶ್ಯ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ಸಮಯದ ಲೆಕ್ಕ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಿಯಮ (2025-26ರ ಸಾಲಿನಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದೂ ಉಂಟು). ಅಂದರೆ ನಿಮ್ಮ ಕೈಯಲ್ಲಿ ಇನ್ನೂ ಎರಡು ವರ್ಷಕ್ಕಿಂತ ಹೆಚ್ಚು ಸಮಯವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದನ್ನು ಒಂದೇ ಹಂತ ಅಂತ ಎಣಿಸಿದೆ. ಅಂಗನವಾಡಿ, ಎಲ್‌ಕೆಜಿ, ಯುಕೆಜಿ, ಒಂದು ಮತ್ತು ಎರಡನೇ ತರಗತಿ ಎಲ್ಲ ಅದರೊಳಗೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಆ ಪದ್ಧತಿಯಲ್ಲಿ ಚಿಕ್ಕ ತರಗತಿಗಳ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಹಾಡು, ಕಾರ್ಡು, ಆಟದ ಮೂಲಕ ಕಲಿಯುತ್ತಾರೆ. ಏಳೆಂಟು ವರ್ಷದ ಮಕ್ಕಳಿಗೇ ಹಾಗಿರುವಾಗ ನಿಮ್ಮ ಪುಟ್ಟಿಯನ್ನು ಟೇಬಲ್ಲಿಗೆ ಕಟ್ಟಿಹಾಕುವುದೇಕೆ?

ಹಾಗಾದರೆ ಮನೆಯಲ್ಲಿ ಏನು ಮಾಡುವುದು? ನಿಮ್ಮ ಕೆಲಸದಲ್ಲಿ ಅವಳಿಗೂ ಒಂದು ಪಾಲು ಕೊಡಿ. ಹೇಗೆ ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ.

ಹೋದ ಜನವರಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಸೊಗಡವರೆ ಕಾಲ. ಹಾಲಿನಲ್ಲಿ ಪೇಪರ್ ಹಾಸಿ ಎರಡು ಕೆಜಿ ಅವರೆಕಾಯಿ ಸುರಿದುಕೊಂಡು ಕೂತಿದ್ದಳು. ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗ. ಮೊದಲನೆಯ ಕಾಯಿಯನ್ನು ಹಲ್ಲಿನಿಂದ ಕಚ್ಚಿದ. ಎರಡನೆಯದನ್ನು ಹಿಂಡಿದ, ಅದು ಹಿಸುಕಿಹೋಯಿತು. ಅಜ್ಜಿ ಏನೂ ಹೇಳಲಿಲ್ಲ, ತನ್ನ ಕೈಯಲ್ಲಿದ್ದ ಕಾಯಿಯನ್ನು ಬೇಕೆಂದೇ ನಿಧಾನವಾಗಿ ಬಿಡಿಸಿದಳು: ತುದಿ ಮುರಿದು, ನಾರು ಎಳೆದು, ಹೆಬ್ಬೆರಳಿನಿಂದ ಒತ್ತಿ. ಅವನು ಅಜ್ಜಿಯ ಹೆಬ್ಬೆರಳನ್ನೇ ನೋಡಿದ. ಐದನೆಯದೋ ಆರನೆಯದೋ ಕಾಯಿ ಅವನ ಕೈಯಲ್ಲಿ ‘ಟಪ್’ ಅಂತ ಬಿಚ್ಚಿಕೊಂಡಿತು. ಒಳಗೆ ಮೂರು ಕಾಳು. ಆಮೇಲೆ ಒಂದರಲ್ಲಿ ಹಸಿರು ಹುಳ ಸಿಕ್ಕಿತು. ಕೆಲಸ ನಿಂತೇಹೋಯಿತು. ಅದನ್ನು ಡಬ್ಬಿಯ ಮುಚ್ಚಳದ ಮೇಲೆ ಬಿಟ್ಟುಕೊಂಡು ಬೋರಲು ಮಲಗಿ ಹತ್ತು ನಿಮಿಷ ನೋಡಿದ. ಅದು ಬೆನ್ನು ಡೊಂಕು ಮಾಡಿ ಮುಂದೆ ಹೋಗುವುದನ್ನು ತಾನೂ ನೆಲದ ಮೇಲೆ ಮಾಡಿ ತೋರಿಸಿದ. ಅವನಮ್ಮ ‘ಎಸಿ ಅದನ್ನ’ ಅನ್ನುವುದಕ್ಕೆ ಬಾಯಿ ತೆರೆದಳು. ತಂಗಿ ಕಣ್ಣಲ್ಲೇ ತಡೆದಳು.

ಮಾರನೆಯ ದಿನ ನೆನೆಸಿದ ಕಾಳು ಹಿತಕುವ ಕೆಲಸ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ನಡುವೆ ಕಾಳಿಟ್ಟು ಒತ್ತಿದರೆ ಬೇಳೆ ಚಂಗನೆ ಹಾರುತ್ತದೆ. ಮೊದಲ ಬೇಳೆ ಹೋಗಿ ಗ್ಯಾಸ್ ಸಿಲಿಂಡರಿಗೆ ಬಡಿಯಿತು. ಅವನ ನಗು ಕೇಳಿ ಪಕ್ಕದ ಮನೆಯವರೂ ಬಂದು ನೋಡಿದರು. ಅರ್ಧ ಗಂಟೆಯಲ್ಲಿ ಬೇಳೆ ಬಟ್ಟಲೊಳಗೇ ಬೀಳತೊಡಗಿತು. ಎಷ್ಟು ಒತ್ತಬೇಕು, ಯಾವ ಕಡೆ ತಿರುಗಿಸಬೇಕು ಅಂತ ಅವನ ಬೆರಳಿಗೆ ತಿಳಿದಿತ್ತು. ಪೆನ್ಸಿಲ್ ಹಿಡಿಯಬೇಕಾದದ್ದೂ ಆ ಮೂರೇ ಬೆರಳು. ಎರಡು ದಿನದಲ್ಲಿ ಅವನ ಬಾಯಿಗೆ ಎಷ್ಟು ಹೊಸ ಮಾತು ಬಂದವು ಅಂತ ನಾನು ಎಣಿಸಿದೆ: ಸೊಗಡು, ನಾರು, ಸಿಪ್ಪೆ, ಎಳೆಯದು, ಬಲಿತದ್ದು, ಹುಳುಕು, ಹಿತಕು, ಚಿಮ್ಮು. ಊಟಕ್ಕೆ ಕೂತಾಗ ಸಾರಿನಲ್ಲಿ ತಾನು ಹಿತಕಿದ ಬೇಳೆ ಯಾವುದು ಅಂತ ಹುಡುಕುತ್ತಿದ್ದ.

ಅವರೆಕಾಯಿ ಸಿಗದ ಕಾಲದಲ್ಲಿ ಬಟಾಣಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಇದ್ದೇ ಇವೆ. ಕಡಲೆಕಾಯಿಯನ್ನೂ ಬಿಡಿಸಲಿ, ಆದರೆ ಈ ವಯಸ್ಸಿನಲ್ಲಿ ಇಡೀ ಬೀಜ ತಿನ್ನಲು ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಯಾವುದೇ ಕಾಳಿನ ಜೊತೆ ಆಡುವಾಗ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಮೂಗಿಗೆ, ಕಿವಿಗೆ ಹಾಕಿಕೊಳ್ಳುವ ವಯಸ್ಸಿದು.

ನಮ್ಮ ಬೆಂಗಳೂರಿನಲ್ಲಿ ಬೀದಿಗೊಂದು ಮಾಂಟೆಸ್ಸರಿ ಬೋರ್ಡು ಇದೆಯಲ್ಲ, ಆ ಮರಿಯಾ ಮಾಂಟೆಸ್ಸರಿ ರೋಮಿನ ಬಡ ಬಡಾವಣೆಯೊಂದರಲ್ಲಿ 1907ರಲ್ಲಿ ಮಕ್ಕಳ ಮನೆ ತೆರೆದವರು. 1939ರಲ್ಲಿ ಮದರಾಸಿಗೆ ಬಂದು ನಮ್ಮ ಕಡೆಯ ಟೀಚರುಗಳಿಗೆ ತರಬೇತಿ ಕೊಟ್ಟರು. ಅವರ ಪದ್ಧತಿಯಲ್ಲಿ ಅಕ್ಷರಕ್ಕಿಂತ ಮೊದಲು ಬರುವುದು ನೀರು ಸುರಿಯುವುದು, ಕಾಳು ಬೇರ್ಪಡಿಸುವುದು, ಗುಂಡಿ ಹಾಕುವುದು, ನೆಲ ಒರೆಸುವುದು. ಇದಕ್ಕೆಂದೇ ಸಾವಿರಾರು ರೂಪಾಯಿಯ ಕಿಟ್ ಮಾರುತ್ತಾರೆ. ನಿಮ್ಮ ಅಡುಗೆಮನೆಯ ಸ್ಟೀಲ್ ಲೋಟ, ಸೌಟು, ಜರಡಿ ಸಾಕು, ದುಡ್ಡು ಹಾಕಬೇಡಿ.

ಪಕ್ಕದ ಮನೆಯ ಹುಡುಗ ನೂರರವರೆಗೆ ಹೇಳುವುದು ಒಳ್ಳೆಯದೇ. ಅವನಿಗೆ ಅದು ಹಾಡಿನ ಹಾಗೆ ಇಷ್ಟವಿರಬಹುದು. ಆದರೆ ಎಣಿಕೆಯನ್ನು ಒಪ್ಪಿಸುವುದು ಬೇರೆ, ಎಷ್ಟು ಅಂತ ತಿಳಿಯುವುದು ಬೇರೆ. ಮನೆಯಲ್ಲೇ ನೋಡಿ: ಮಗಳ ಮುಂದೆ ಐದು ಹುಣಸೆ ಬೀಜ ಇಟ್ಟು ಎಣಿಸಲು ಹೇಳಿ. ‘ಒಂದು, ಎರಡು, ಮೂರು, ನಾಲ್ಕು, ಐದು’ ಅನ್ನುತ್ತಾಳೆ. ಆಗ ‘ಒಟ್ಟು ಎಷ್ಟಿದೆ?’ ಅಂತ ಕೇಳಿ. ಐದು ಅನ್ನುವ ಬದಲು ಮತ್ತೆ ಮೊದಲಿನಿಂದ ಎಣಿಸತೊಡಗಿದರೆ, ಕೊನೆಯ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಅನ್ನುವುದು ಇನ್ನೂ ಹೊಳೆದಿಲ್ಲ ಅಂತ ಅರ್ಥ. ಬಹಳಷ್ಟು ಮಕ್ಕಳಿಗೆ ಅದು ಹೊಳೆಯುವುದು ಮೂರೂವರೆ, ನಾಲ್ಕರ ಸುಮಾರಿನಲ್ಲಿ. ಬಾಯಿಪಾಠದಿಂದ ಅದು ಬರುವುದಿಲ್ಲ. ‘ಎಲ್ಲರಿಗೂ ಒಂದೊಂದು ತಟ್ಟೆ ಇಡು ಪುಟ್ಟಿ’ ಅಂತ ಹೇಳಿ ಬಿಟ್ಟುಬಿಡಿ. ತಾತನಿಗೆ ತಟ್ಟೆ ಸಾಲದೆ ಹೋಗಿ ಅವಳೇ ಅಡುಗೆಮನೆಗೆ ಓಡಿ ಇನ್ನೊಂದು ತಂದ ದಿನ ಅವಳಿಗೆ ಲೆಕ್ಕ ಹತ್ತಿದೆ ಅಂದುಕೊಳ್ಳಿ. ಅಳಗುಳಿಮಣೆ ಇದ್ದರೆ ಅಟ್ಟದಿಂದ ಇಳಿಸಿ. ನಿಯಮ ಬೇಡ, 14 ಗುಳಿಗೂ ಒಂದೊಂದು ಬೀಜ ಹಾಕಿ ತೆಗೆಯುವುದೇ ಅವಳಿಗೆ ದೊಡ್ಡ ಆಟ.

ನಿಮ್ಮ ಅತ್ತೆಯವರ ಬಗ್ಗೆ ಎರಡು ಮಾತು. ‘ನನಗೆ ಇಂಗ್ಲಿಷ್ ಬರಲ್ಲ, ಮೊಬೈಲಾದರೂ ಕಲಿಸಲಿ’ ಅಂತ ರೈಮ್ಸ್ ಹಾಕಿಕೊಡುವ ಅಜ್ಜಿಯರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಅವರಿಗೆ ಹೇಳಿ, ಅವರ ಮಾತಿನಿಂದ ಸಿಗುವುದು ಆ ಮೊಬೈಲಿನಿಂದ ಸಿಗುವುದಿಲ್ಲ. ಮೊಬೈಲು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ, ಅಜ್ಜಿ ಕಾಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ 3-4 ವರ್ಷದ ಮಕ್ಕಳಿಗೆ ಸ್ಕ್ರೀನು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಓಡಾಟ, ಕುಣಿತ ಎಲ್ಲ ಸೇರಿ 180 ನಿಮಿಷವಾದರೂ ಇರಬೇಕು. ನಿದ್ದೆ 10ರಿಂದ 13 ಗಂಟೆ.

ಕನ್ನಡ ಅಕ್ಷರಕ್ಕೂ ಆತುರ ಬೇಡ. ವರ್ಣಮಾಲೆಯ 49, ಅದರ ಮೇಲೆ ಕಾಗುಣಿತ, ಒತ್ತಕ್ಷರ ಅಂತ ನೂರಾರು ರೂಪಗಳು. ಮಕ್ಕಳ ಹಿಡಿತಕ್ಕೆ ಅವೆಲ್ಲ ಸಿಗುವಷ್ಟರಲ್ಲಿ ಮೂರನೇ, ನಾಲ್ಕನೇ ತರಗತಿ ಆಗಿರುತ್ತದೆ. ಈಗ ಬೇಕಾದದ್ದು ಕಿವಿ ಪಳಗುವುದು. ಅದಕ್ಕೆ ನನಗೆ ತುಂಬ ಇಷ್ಟವಾದ ಜಾಗ ತರಕಾರಿ ಅಂಗಡಿ. ‘ಬ ಅಂತ ಶುರುವಾಗೋದು ಏನೇನಿದೆ?’ ಅಂತ ಕೇಳಿ. ಬದನೆಕಾಯಿ, ಬಾಳೆಕಾಯಿ, ಬೀನ್ಸ್, ಬೂದುಗುಂಬಳ, ಬೆಂಡೆಕಾಯಿ ಅಂತ ಒಂದೊಂದೇ ಬರುತ್ತದೆ. ಬ, ಬಾ, ಬೀ, ಬೂ, ಬೆ: ಬಕಾರದ ಕಾಗುಣಿತದ ಮೂರನೇ ಒಂದು ಪಾಲು ಆ ಅಂಗಡಿಯಲ್ಲೇ ಇದೆ. ಶಾಲೆಯಲ್ಲಿ ಕಾಗುಣಿತ ಹೇಳಿಕೊಡುವ ಹೊತ್ತಿಗೆ ಅವಳ ಕಿವಿ ಅದನ್ನು ಆಗಲೇ ಬಲ್ಲದು. ಹೆಸರು ಹೇಳುತ್ತಾ ಚಪ್ಪಾಳೆ ತಟ್ಟುವುದೂ ಹಾಗೆಯೇ: ‘ಕ-ಮ-ಲ’ಕ್ಕೆ ಮೂರು, ‘ರವಿ’ಗೆ ಎರಡು.

ಬರೆಯಬೇಕು ಅಂತ ಅವಳೇ ಕೇಳಿದರೆ ಖಂಡಿತ ಬರೆಯಲಿ. ಅಜ್ಜಿ ಬೆಳಿಗ್ಗೆ ಬಾಗಿಲಿಗೆ ನಾಲ್ಕು ಚುಕ್ಕಿ ಇಟ್ಟು ಕೊಡಲಿ, ಇವಳು ರಂಗೋಲಿ ಪುಡಿಯಲ್ಲಿ ಸೇರಿಸಲಿ. ಗೆರೆ ಸೊಟ್ಟಗಾದರೆ ಅಳಿಸಿ ಮತ್ತೆ ಹಾಕಿ ತೋರಿಸಬೇಡಿ. ದಿನವಿಡೀ ಅದು ಹಾಗೇ ಇರಲಿ.

ಕಥೆ ಪುಸ್ತಕಕ್ಕೆ ದುಬಾರಿ ಅಂಗಡಿಗೆ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ನಡೆಸುತ್ತಿರುವ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಪ್ರಿಂಟ್ ಹಾಕಿಸಿ ದಾರದಲ್ಲಿ ಹೊಲಿದುಕೊಡಿ. ಭಾನುವಾರ ಲಾಲ್‌ಬಾಗಿನ ಬಂಡೆ ಹತ್ತಿಸಿ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅನ್ನುವುದು ಅವಳಿಗೆ ಅರ್ಥವಾಗದು, ಅಂಗೈ ಇಟ್ಟರೆ ಬಿಸಿ ಅನ್ನುವುದು ಅರ್ಥವಾಗುತ್ತದೆ.

ನಿಧಾನವಾಗಿ ಕಲಿಯಲಿ ಅಂತ ಹೇಳುವಾಗ ಒಂದು ಎಚ್ಚರವನ್ನೂ ಹೇಳಲೇಬೇಕು. ನಾಲ್ಕರ ಹತ್ತಿರದ ಮಗು ಮೂರು ನಾಲ್ಕು ಪದ ಸೇರಿಸಿ ಮಾತಾಡದಿದ್ದರೆ, ಹೆಸರು ಕೂಗಿದರೂ ತಿರುಗದಿದ್ದರೆ, ಕಣ್ಣಿಟ್ಟು ನೋಡದಿದ್ದರೆ, ಅಡುಗೆ ಆಟ, ಡಾಕ್ಟರ್ ಆಟದಂಥ ಸುಳ್ಳುಸುಳ್ಳೇ ಆಟಗಳನ್ನು ಆಡದಿದ್ದರೆ, ಬಂದಿದ್ದ ಮಾತು ನಿಂತುಹೋದರೆ, ‘ಗಂಡುಮಕ್ಕಳು ಲೇಟಾಗಿ ಮಾತಾಡ್ತವೆ’ ಅನ್ನುವ ಸಮಾಧಾನ ನಂಬಿ ಕೂರಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್‌ನ ಮಕ್ಕಳ ವಿಭಾಗವೂ ನಮ್ಮೂರಿನಲ್ಲೇ ಇದೆ. ನಿಮ್ಮ ಮಗಳ ವಿಷಯದಲ್ಲಿ ನೀವು ಬರೆದಿರುವುದರಲ್ಲಿ ಇಂಥದ್ದೇನೂ ನನಗೆ ಕಾಣಲಿಲ್ಲ.

ಕೊನೆಗೆ ನಿಮ್ಮ ‘ಎಷ್ಟು ಹೊತ್ತು’. ಆಫೀಸಿನಿಂದ ಬಂದು ಸುಸ್ತಾಗಿರುತ್ತೀರಿ, ಅವಳಿಗಾಗಿ ಬೇರೆ ಹೊತ್ತು ತೆಗೆದಿಡಿ ಅಂತ ನಾನು ಹೇಳುವುದಿಲ್ಲ. ಹೇಗೂ ಚಪಾತಿಗೆ ಕಲಸುತ್ತೀರಲ್ಲ, ನಿಂಬೆಹಣ್ಣಿನಷ್ಟು ಹಿಟ್ಟು ಅವಳಿಗೂ ಕೊಡಿ. ಉಂಡೆ ಮಾಡುತ್ತಾಳೆ, ಆಮೇಲೆ ಮಣೆಯ ಮೇಲೆ ಹೊರಳಿಸಿ ಉದ್ದ ಹಾವು ಮಾಡಿ ‘ಅಮ್ಮಾ, ಹಿಟ್ಟು ಜಾಸ್ತಿ ಆಯ್ತು’ ಅನ್ನುತ್ತಾಳೆ. ಈ ವಯಸ್ಸಿನ ಮಕ್ಕಳಿಗೆ ಉದ್ದವಾದದ್ದೆಲ್ಲ ಜಾಸ್ತಿಯೇ, ಆಕಾರ ಬದಲಾದರೂ ಹಿಟ್ಟು ಅಷ್ಟೇ ಇರುತ್ತದೆ ಅನ್ನುವುದು ಆರೇಳು ವರ್ಷಕ್ಕೆ ತಾನಾಗಿ ತಿಳಿಯುತ್ತದೆ. ತಿದ್ದಲು ಹೋಗಬೇಡಿ. ‘ಹೌದಾ? ಮತ್ತೆ ಉಂಡೆ ಮಾಡಿದ್ರೆ?’ ಅಂತ ಕೇಳಿ, ನಿಮ್ಮ ಪಾಡಿಗೆ ಲಟ್ಟಿಸುತ್ತಾ ಇರಿ.